ನೀರು ಇಳಿದ ಎರಡು ಮೆಟ್ಟಿಲು

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಕೊಚ್ಚಿಯ ದಂಡೆಯ ಮೇಲೆ ನಿಂತು, ನನ್ನ ಅಣ್ಣನ ಮಗಳು ಚೈತ್ರಾಳಿಗೆ 'ಇಳಿ, ಏನಾಗಲ್ಲ' ಅಂದವನು ನಾನು. ಅತ್ತಿಗೆಯ ಕಣ್ಣು ತಪ್ಪಿ ಮಗು ನೀರಿಗೆ ಬಿತ್ತು ಎಂದು ಮೂರು ವರ್ಷ ನಮ್ಮ ಮನೆಯಲ್ಲಿ ನಂಬಿಕೊಂಡು ಬಂದ ಮಾತು ಸುಳ್ಳು. ಆ ಸುಳ್ಳು ನನ್ನದು.

ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದು ಫೋನಿನಲ್ಲಿರುವ ಒಂದು ಫೋಟೊದಿಂದ. ನಾನು ತೆಗೆದದ್ದು ಹಡಗಿನ ಫೋಟೊ. ಅದರ ಮೂಲೆಯಲ್ಲಿ ಹಳದಿ ಫ್ರಾಕಿನ ಆರು ವರ್ಷದ ಚೈತ್ರಾ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲಿಡುತ್ತ ನನ್ನ ಕಡೆ ತಿರುಗಿದ್ದಾಳೆ — ಸರಿನಾ ಅಂತ ಕೇಳುವ ಹಾಗೆ. ಅದನ್ನು ಅಳಿಸಲಿಲ್ಲ. ಯಾರಿಗೂ ತೋರಿಸಲೂ ಇಲ್ಲ.

ನಮ್ಮದು ಚುಂಚನಕಟ್ಟೆ. ಕಾವೇರಿಯ ಅಣೆಕಟ್ಟೆಯಿಂದ ಹೊರಟ ನಾಲೆಯೊಂದು ನಮ್ಮ ಮನೆಯ ಹಿಂದೆ ಹರಿಯುತ್ತದೆ. ನಾಲೆಗೆ ನೀರು ಬಿಡುವ ನೀರುಗಂಟಿ ತೂಬು ಇಳಿಸಿದ ಎಂದರೆ ನಾಲೆಯ ಮೆಟ್ಟಿಲುಗಳು ಒಂದೊಂದಾಗಿ ಕಾಣಿಸುತ್ತವೆ. ಊರಿನ ಮಕ್ಕಳೆಲ್ಲ ಇಳಿದು ಕಪ್ಪೆಚಿಪ್ಪು ಆರಿಸುತ್ತಾರೆ. ಯಾರೂ ತಡೆಯುವುದಿಲ್ಲ. ಒಮ್ಮೆ ಇಳಿದ ನೀರು ಅವನು ಮತ್ತೆ ತೂಬು ಎತ್ತುವ ತನಕ ಬರುವುದಿಲ್ಲ — ನಾವೆಲ್ಲ ಹಾಗೆ ಕಲಿತವರು.

ಅತ್ತಿಗೆ ಹಾರನಹಳ್ಳಿ ಕಡೆಯವರು, ಹೊಗೆಸೊಪ್ಪು ಬೆಳೆಯುವ ಒಣ ಸೀಮೆ. ಕೊಚ್ಚಿಗೆ ಹೋಗುವಾಗ ಕಾರಿನಲ್ಲಿ ಅಣ್ಣ ಅವರನ್ನು ರೇಗಿಸುತ್ತಲೇ ಇದ್ದ. "ಇವ್ಳೂರಲ್ಲಿ ನೀರು ಅಂದ್ರೆ ಬೋರ್‌ವೆಲ್ ಪೈಪಲ್ಲಿ ಬರೋದು ಕಣ್ಲಾ. ಸಮುದ್ರ ಕಂಡು ಎದುರ್ಕಂಡು ಕಾರಿಂದ ಇಳೀದೇ ಇದ್ದಾಳು ಅಂತೀನಿ!"

"ನಗ್ರಿ, ನಗ್ರಿ," ಅಂದರು ಅತ್ತಿಗೆ. "ಗೊತ್ತಿಲ್ದಿರೋ ನೀರ್ಗೆ ನಾನಂತೂ ಕಾಲಿಡಾಕಿಲ್ಲ. ನನ್ ಮಕ್ಳುನ್ನೂ ಇಳಿಸಾಕಿಲ್ಲ."

ನಾನೂ ನಕ್ಕಿದ್ದೆ. ಎಲ್ಲರಿಗಿಂತ ಜೋರಾಗಿ.

ಆ ಸಂಜೆ ಅಣ್ಣ ದೋಣಿಯ ಟಿಕೆಟ್ಟಿಗೆ ಸಾಲಿನಲ್ಲಿ ನಿಂತಿದ್ದ. ಅತ್ತಿಗೆ ಚಿಕ್ಕ ಮಗನ ಕೈ ಹಿಡಿದುಕೊಂಡು ನನ್ನ ಬಳಿ ಬಂದು, "ಮಹೇಶ, ವಸಿ ಇವ್ಳ್ನ ನೋಡ್ಕೊ. ಚಿಕ್ಕೋನ್ಗೆ ಒಂದಕ್ಕೆ ಅರ್ಜೆಂಟಾಗ್ಯದೆ, ಕರ್ಕೊಂಡೋಗ್ಬುಟ್ಟು ಬತ್ತೀನಿ" ಅಂದರು. ಫೋನಿನಿಂದ ಕಣ್ಣು ತೆಗೆಯದೆ 'ಹೂಂ' ಅಂದೆ. ಅಂದೆ — ಆ 'ಹೂಂ' ನನಗೆ ಈಗಲೂ ಕೇಳಿಸುತ್ತದೆ.

ಎದುರಿಗೆ ಒಂದು ದೊಡ್ಡ ಹಡಗು ಬರುತ್ತಿತ್ತು. ಅದು ಹತ್ತಿರವಾದಂತೆ ನಮ್ಮ ಕಾಲ ಬಳಿಯ ನೀರು ಸದ್ದಿಲ್ಲದೆ ಕೆಳಗೆ ಹೋಯಿತು. ಎರಡು ಮೆಟ್ಟಿಲು. ಹೊಸದಾಗಿ ಕಂಡ ಮೆಟ್ಟಿಲಿನ ಮೇಲೆ ಬಿಳಿಯ ಚಿಪ್ಪುಗಳಿದ್ದವು.

"ಚಿಕ್ಕಪ್ಪ, ತಗೊಳ್ಳಾ?"

"ನೀರು ಇಳೀತಲ್ಲ. ಇಳಿ, ಏನಾಗಲ್ಲ."

ಭೌತಶಾಸ್ತ್ರದಲ್ಲಿ ಪದವಿ ಪಡೆದವನು ನಾನು. ದೊಡ್ಡ ಹಡಗು ಇಕ್ಕಟ್ಟಾದ ದಾರಿಯಲ್ಲಿ ಹೋಗುವಾಗ ದಡದ ನೀರನ್ನು ಮೊದಲು ತನ್ನತ್ತ ಎಳೆದುಕೊಂಡು, ಆಮೇಲೆ ಒಟ್ಟಿಗೆ ಹಿಂದಕ್ಕೆ ಬಿಡುತ್ತದೆ ಎಂದು ಎಲ್ಲ ಮುಗಿದ ಮೇಲಷ್ಟೇ ಓದಿ ತಿಳಿದುಕೊಂಡೆ. ಅಲ್ಲಿ ತೂಬೂ ಇರಲಿಲ್ಲ, ನೀರುಗಂಟಿಯೂ ಇರಲಿಲ್ಲ. ನೀರು ಎದ್ದು ಬಂತು. ಅಲೆಯ ಹಾಗಲ್ಲ, ನೆಲವೇ ಉಬ್ಬಿದ ಹಾಗೆ. ಹಳದಿ ಬಣ್ಣ ಒಂದು ಸಲ ತಿರುಗಿತು, ಆಮೇಲೆ ಕಾಣಲಿಲ್ಲ.

ನನಗೆ ಈಜು ಬರುತ್ತದೆ. ನಾಲೆಯಲ್ಲಿ ಬಿದ್ದು ಎದ್ದು ಬೆಳೆದವನು. ಆದರೂ ನಿಂತೇ ಇದ್ದೆ. ಎಷ್ಟು ಹೊತ್ತು — ಗೊತ್ತಿಲ್ಲ. ಬಲೆ ಬಿಡಿಸುತ್ತ ಕುಳಿತಿದ್ದ ಒಬ್ಬ ಮುದುಕ, ಹೆಸರೂ ಕೇಳಲಿಲ್ಲ ನಾನು, ಉಟ್ಟ ಪಂಚೆಯಲ್ಲೇ ಹಾರಿ ಮಗುವನ್ನು ಎತ್ತಿ ತಂದ. ನನ್ನ ಕೈಗೆ ಕೊಡುತ್ತ ಮಲಯಾಳದಲ್ಲಿ ಏನೋ ಕೂಗಿದ. ಬಯ್ದಿರಬೇಕು.

ಆಸ್ಪತ್ರೆಯಲ್ಲಿ, ಮಗು ಉಳಿಯುತ್ತದೆ ಎಂದು ಗೊತ್ತಾದ ಮೇಲೆ, ಅಣ್ಣ ಕೇಳಿದ: "ಮಗು ಯಾರ ಕೈಲಿತ್ಲಾ?"

"ಅತ್ತಿಗೆ ಜೊತೆ ಅದೆ ಅನ್ಕಂಡಿದ್ದೆ."

ಅಷ್ಟೇ. ಇಷ್ಟು ಸಣ್ಣ ಮಾತು. ಅತ್ತಿಗೆ ನನ್ನ ಮುಖ ನೋಡಿದರು. "ಮಹೇಶಂಗೆ ಹೇಳ್ಬುಟ್ಟೇ ಹೋಗಿದ್ದೆ..." ಅಂದವರು, ನಾನು ತಲೆ ಎತ್ತದಿದ್ದಾಗ ತಾವೇ ತಡವರಿಸಿದರು: "ಗಲಾಟೇಲಿ ಕೇಳುಸ್ಲಿಲ್ವೇನೋ." ಬಚ್ಚಿಟ್ಟುಕೊಳ್ಳಲು ಜಾಗ ಕೊಟ್ಟವರು ಅವರೇ. ನಾನು ಅಲ್ಲಿಯೇ ಮೂರು ವರ್ಷ ಕೂತೆ.

ಊರಿಗೆ ಬಂದ ದಿನವೇ ಅವ್ವ ಚೈತ್ರಾಳ ಹಾಸಿಗೆಯನ್ನು ತನ್ನ ಪಕ್ಕಕ್ಕೆ ಹಾಕಿಕೊಂಡಳು. "ಎತ್ತೋಳ್ಗೆ ನಿಗಾ ಇಲ್ದಿದ್ಮ್ಯಾಲೆ ನಾನೇ ನೋಡ್ಕತೀನಿ ಬುಡು." ಅಂದಿನಿಂದ ಅತ್ತಿಗೆ ಮಗಳನ್ನು ಒಬ್ಬರೇ ತವರಿಗೆ ಕರೆದೊಯ್ಯುವ ಹಾಗಿರಲಿಲ್ಲ. ಬಟ್ಟೆ ಒಗೆಯಲು ನಾಲೆಗೆ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ದಿನಾ ರಾತ್ರಿ ಮಗು ಬೆಚ್ಚಿ ಅಳುತ್ತಿತ್ತು. ಅವ್ವ ಬಾಗಿಲು ತೆರೆಯುತ್ತಿರಲಿಲ್ಲ. ಅತ್ತಿಗೆ ಆ ಬಾಗಿಲಿನ ಈಚೆ ಗೋಡೆಗೆ ಒರಗಿ ಕೂತಿರುತ್ತಿದ್ದರು. ಎಲ್ಲವೂ ನನ್ನ ಕೋಣೆಗೆ ಕೇಳಿಸುತ್ತಿತ್ತು. ನೀರಿನ ಭಯ, ದೊಡ್ಡವಳಾದರೆ ಹೋಗುತ್ತದೆ ಎನ್ನುತ್ತಿದ್ದರು ಎಲ್ಲರೂ. ನಾನೂ ಎನ್ನುತ್ತಿದ್ದೆ.

ಆದರೆ ನೀರಿನ ಭಯವೊಂದೇ ಅಲ್ಲ ಎಂದು ನನಗೆ ಗೊತ್ತಿತ್ತು. ಹೇಳದೆ ಉಳಿದದ್ದು ಇದು. ಆಸ್ಪತ್ರೆಯಲ್ಲಿ ಮಾರನೆಯ ಬೆಳಿಗ್ಗೆ, ಬೇರೆ ಯಾರೂ ಇಲ್ಲದಾಗ, ಮಗುವಿನ ಕಿವಿಯ ಹತ್ತಿರ ಬಗ್ಗಿ ಹೇಳಿದ್ದೆ: "ನಾನು ಇಳಿ ಅಂದಿದ್ದು ಯಾರ್ಗೂ ಹೇಳ್ಬೇಡ ಕಣವ್ವ. ಚಿಕ್ಕಪ್ಪಂಗೆ ಬಯ್ತಾರೆ." ಮೂಗಿಗೆ ನಳಿಕೆ ಇತ್ತು. ತಲೆ ಅಲ್ಲಾಡಿಸಿದಳು. ಅಮ್ಮನನ್ನು ಎಲ್ಲರೂ ದೂರುವುದನ್ನು ಮೂರು ವರ್ಷ ಕೇಳುತ್ತ, ಆ ಮಾತು ಉಳಿಸಿಕೊಂಡಳು.

ಈ ಬೇಸಿಗೆಯಲ್ಲಿ ಅತ್ತಿಗೆಯ ತಮ್ಮನ ಮದುವೆ ಬಂತು. ಚೈತ್ರಾ ಅಮ್ಮನ ಜೊತೆ ನಾಲ್ಕು ದಿನ ಮುಂಚೆಯೇ ಹೋಗುತ್ತೇನೆಂದು ಹಟ ಹಿಡಿದಳು. ಅವ್ವ ಬೇಡ ಅಂದಳು. ಅತ್ತಿಗೆ ವಾದಿಸಲಿಲ್ಲ. ಇಸ್ತ್ರಿ ಮಾಡಿದ ಮಗಳ ಲಂಗವನ್ನು ಬ್ಯಾಗಿನಿಂದ ತೆಗೆದು ಮಂಚದ ಮೇಲಿಟ್ಟು, "ಸರಿ ಬುಡಿ ಅತ್ತೆ. ನನ್ ಕೈಲಿ ಆಯ್ತದೆ ಅಂತ ನನ್ಗೂ ಈಗ ನಂಬ್ಕೆ ಇಲ್ಲ" ಅಂದರು.

ಅವರು ಅತ್ತಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೇನೋ. ಅಳಲಿಲ್ಲ. ನಂಬಿಬಿಟ್ಟಿದ್ದರು, ನನ್ನ ಸುಳ್ಳನ್ನು, ಅವರೇ.

ನಡುಮನೆಯಲ್ಲಿ ಎಲ್ಲರೆದುರು ಹೇಳಿದೆ. ಫೋಟೊ ತೋರಿಸಿದೆ. ಅಣ್ಣ ಫೋನು ತೆಗೆದುಕೊಂಡು ತುಂಬ ಹೊತ್ತು ನೋಡಿ ವಾಪಸು ಕೊಟ್ಟ. "ಮೂರು ವರ್ಸ ಕಣ್ಲಾ," ಅಂದ. ಮತ್ತೆ ಇವತ್ತಿನ ತನಕ ನನ್ನ ಜೊತೆ ಮಾತಿಲ್ಲ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತಿಗೆ ಲಂಗವನ್ನು ಮತ್ತೆ ಬ್ಯಾಗಿಗೆ ಹಾಕಿ ಜಿಪ್ ಎಳೆದರು. ಚೈತ್ರಾ ಮಾತ್ರ ನನ್ನ ಹತ್ತಿರ ಬಂದು, ಮೆಲ್ಲಗೆ ಕೇಳಿದಳು: "ಚಿಕ್ಕಪ್ಪ, ಇನ್ಮ್ಯಾಲೆ ಹೇಳ್ಬೋದಾ?"

ತಾಯಿ ಮಕ್ಕಳು ಅದೇ ಸಂಜೆಯ ಬಸ್ಸಿಗೆ ಹಾರನಹಳ್ಳಿಗೆ ಹೋದರು. ಕ್ಷಮೆ ನಾನು ಕೇಳಲಿಲ್ಲ. ಕೇಳಿದ್ದರೆ, ಅದನ್ನು ಕೊಡಬೇಕಾದ ಇನ್ನೊಂದು ಭಾರವೂ ಅವರ ಮೇಲೆ ಬೀಳುತ್ತಿತ್ತು.

ಭಾನುವಾರ ಬೆಳಿಗ್ಗೆ ಅತ್ತಿಗೆಯ ಫೋನು ಬಂತು. ಮಗು ರಾತ್ರಿಯೆಲ್ಲ ಒಂದು ಸಲವೂ ಏಳಲಿಲ್ಲವಂತೆ. ಅವಳ ಪಕ್ಕದಲ್ಲೇ ಮಲಗಿದ್ದ ಅತ್ತಿಗೆಗೂ ಬಿಸಿಲು ಮುಖಕ್ಕೆ ಬಿದ್ದಾಗಲೇ ಎಚ್ಚರವಂತೆ. ಇದನ್ನು ಯಾರೂ ನನಗೆ ಹೇಳಲಿಲ್ಲ. ಅವ್ವ ಅಣ್ಣನಿಗೆ ಹೇಳುತ್ತಿದ್ದಳು. ನಾನು ಹಿತ್ತಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.