ಡಬರಿಯ ತಳದಲ್ಲಿ ನನ್ನ ಹೆಸರು

ಒಂದನೇ ಕ್ಲಾಸಿಗೆ ಸೇರಿದ ವಾರದಲ್ಲೇ ನನಗೆ ಶಾಲೆಯಲ್ಲಿ ಫಿಟ್ಸ್ ಬಂತು. ವಾಸಿಯಾದ ಮೇಲೆ ಕಳಿಸಿ ಎಂದು ಮೇಷ್ಟ್ರು ಮನೆಗೆ ತಂದು ಬಿಟ್ಟರು. ಆ ವಾಸಿ ಎಂಬುದು ವರ್ಷಗಟ್ಟಲೆ ಬರಲೇ ಇಲ್ಲ. ನನಗಿಂತ ಚಿಕ್ಕವನಾದ ತಮ್ಮ ಬ್ಯಾಗು ಏರಿಸಿಕೊಂಡು ಶಾಲೆಗೆ ಹೊರಟ, ನಾನು ಮನೆಯಲ್ಲಿ ಉಳಿದೆ.

ತೊಂಬತ್ತರ ದಶಕದ ಮಾತು. ಭದ್ರಾವತಿಯ ನ್ಯೂ ಟೌನಿನ ಅಂಚಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಅಪ್ಪನಿಗೆ ಊರಿನ ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ, ಅಮ್ಮನಿಗೆ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಬೋಲ್ಟು ಪ್ಯಾಕ್ ಮಾಡುವ ಕೆಲಸ. ರಸ್ತೆಯಲ್ಲಿ ಎಲ್ಲಾದರೂ ಬಿದ್ದುಬಿಟ್ಟಾಳು ಎಂದು ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದರು. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಬೇಕು ಎಂಬುದು ನಮ್ಮವರ ನಂಬಿಕೆ. ನಮ್ಮ ಮನೆಯಲ್ಲಿ ಆ ಕಬ್ಬಿಣ ಎಂದರೆ ಬಾಗಿಲ ಬೀಗದ ಕೈ. ನನಗೆ ಎಚ್ಚರವಾಗುವಷ್ಟರಲ್ಲಿ ಅದನ್ನು ವಾಪಸು ತೆಗೆದುಕೊಂಡಿರುತ್ತಿದ್ದರು. ಅಂಗೈಯಲ್ಲಿ ಅದು ಒತ್ತಿದ ಗುರುತು ಮಾತ್ರ ಇರುತ್ತಿತ್ತು.

ಹಗಲು ಸವೆಯುತ್ತಿರಲಿಲ್ಲ. ಕಾರ್ಖಾನೆಯ ಸೈರನ್ ಕೂಗಿದರೆ, ಅಯ್ಯೋ ಇನ್ನೂ ಮಧ್ಯಾಹ್ನವಷ್ಟೇ ಎಂದು ಅಳು ಬರುತ್ತಿತ್ತು. ಒಲೆ, ಚಾಕು, ನೀರಿನ ತೊಟ್ಟಿ ಯಾವುದರ ಹತ್ತಿರವೂ ಸುಳಿಯುವಂತಿರಲಿಲ್ಲ. ಉಳಿದದ್ದು ಸ್ಟ್ಯಾಂಡಿನ ಸ್ಟೀಲ್ ಪಾತ್ರೆಗಳು, ಅಮ್ಮನ ಮದುವೆಗೆ ಬಂದವು. ಪಾತ್ರೆ ಉಡುಗೊರೆ ಕೊಡುವವರು ಅದರ ಅಂಚಿನ ಮೇಲೆ ತಮ್ಮ ಹೆಸರು ಹಾಕಿಸಿಯೇ ಕೊಡುವುದು ನಮ್ಮ ಕಡೆಯ ರೂಢಿ. ಮಷೀನು ಕೊರೆದ ಚುಕ್ಕೆ ಚುಕ್ಕೆ ಅಕ್ಷರಗಳು ಬೆರಳಿಗೆ ಒರಟಾಗಿ ಸಿಗುತ್ತಿದ್ದವು.

ಅಮ್ಮನಿಗೆ ಓದು ಬಾರದು. ಆದರೆ ಯಾವ ಪಾತ್ರೆ ಯಾರು ಕೊಟ್ಟದ್ದೆಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಕೊಡ ಸೋದರಮಾವನದು, ಅಕ್ಕಿ ಡಬ್ಬಿ ದೊಡ್ಡಮ್ಮನದು, ಹೀಗೆ ಎಲ್ಲರ ಹೆಸರು ಸಮೇತ. ಅವನ್ನೆಲ್ಲ ನಾನು ಬಾಯಿಪಾಠ ಮಾಡಿಕೊಂಡೆ. ಒಂದು ದಿನ, ಮೂರು ಪಾತ್ರೆಗಳ ಮೇಲಿನ ಹೆಸರು ಒಂದೇ ಆಕಾರದಿಂದ ಶುರುವಾಗುತ್ತದೆ ಎಂದು ಬೆರಳಿಗೆ ತಿಳಿಯಿತು. ಆ ಮೂವರ ಹೆಸರನ್ನೂ ಬಾಯಿಬಿಟ್ಟು ಹೇಳಿ ನೋಡಿದೆ. ಮೂರಕ್ಕೂ ಮೊದಲು ‘ಸ’. ಕುಣಿಯುವಷ್ಟು ಖುಷಿಯಾಯಿತು, ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅಕ್ಕಿ ಡಬ್ಬಿಗೇ ಹೇಳಿದೆ.

ಸಂತೆ ಹೊತ್ತಿಗೆ ಮೂರು ಮೊಳ ನೇಯುವ ಅವಸರ ನನಗೇನಿರಲಿಲ್ಲ. ಒಂದು ಮಳೆಗಾಲಕ್ಕೆ ನಾಲ್ಕಾರು ಅಕ್ಷರ ಬಂದರೆ ಹೆಚ್ಚು. ಒತ್ತಕ್ಷರಗಳಂತೂ ಜೀವ ತಿಂದವು. ಒಮ್ಮೆ ಅಪ್ಪ ಬೋಂಡ ಕಟ್ಟಿಸಿಕೊಂಡು ಬಂದ ಪೇಪರಿನ ಮೇಲೆ ಬೆರಳಾಡಿಸಿದೆ. ಏನೂ ಸಿಗಲಿಲ್ಲ. ಅಕ್ಷರ ಸವೆದುಹೋಗಿದೆ ಎಂದುಕೊಂಡು ಬಿಸಾಡಿದೆ. ಪೇಪರನ್ನು ಕಣ್ಣಿನಿಂದಲೇ ಓದಬೇಕು ಎಂದು ತಿಳಿಯುವಷ್ಟರಲ್ಲಿ ಎಷ್ಟೋ ಬೋಂಡ ತಿಂದಾಗಿತ್ತು. ಪೂರ್ತಿ ಕಲಿತ ಮೇಲೆ ಎಲ್ಲರೆದುರು ಓದಿ ತೋರಿಸಬೇಕು, ಆಗ ಶಾಲೆಗೆ ಕಳಿಸದೆ ಏನು ಮಾಡುತ್ತಾರೆ ಎಂದುಕೊಂಡು ಯಾರಿಗೂ ಬಾಯಿ ಬಿಡಲಿಲ್ಲ.

ಹೀಗಿರುವಾಗ ಶಿವಮೊಗ್ಗದ ರವೀಂದ್ರನಗರದಲ್ಲಿ ದೊಡ್ಡಪ್ಪನ ಮನೆಯ ಗೃಹಪ್ರವೇಶ ಬಂತು. ಅಪ್ಪ ತಮ್ಮನನ್ನು ಕರೆದುಕೊಂಡು ಮೊದಲೇ ಹೋದರು. ರಾತ್ರಿಯವರೆಗೂ ಬೀಗ ಹಾಕಿಡಲಾಗದೆ ಅಮ್ಮ ನನ್ನನ್ನೂ ಹೊರಡಿಸಿದಳು. ಉಡುಗೊರೆಯ ಸ್ಟೀಲ್ ಡಬರಿಗೆ ಮನೆಯವರ ಹೆಸರು ಹಾಕಲು ಅಪ್ಪ ಹಿಂದಿನ ದಿನವೇ ಶಿವಮೊಗ್ಗ ಪೇಟೆಯ ಪಾತ್ರೆ ಅಂಗಡಿಯಲ್ಲಿ ಹೇಳಿ ಬಂದಿದ್ದರು. ಅದನ್ನು ತೆಗೆದುಕೊಂಡು ಹೋಗುವುದು ನಮ್ಮ ಪಾಲಿನ ಕೆಲಸ.

ಅಂಗಡಿಯವರು ಡಬರಿ ಕೊಟ್ಟರು. ನನ್ನ ಬೆರಳು ತಾನಾಗಿಯೇ ಅಂಚಿನ ಮೇಲೆ ಓಡಿತು. ಅಪ್ಪನ ಹೆಸರು. ಅಮ್ಮನ ಹೆಸರು. ತಮ್ಮನ ಹೆಸರು. ಮುಂದೆ ಬರೀ ನುಣುಪು. ಇನ್ನೊಂದು ಸುತ್ತು ನೋಡಿದೆ.

“ಅಮ್ಮಾ, ಇದ್ರಲ್ಲಿ ನನ್ ಹೆಸ್ರಿಲ್ಲ.”

“ನಿಂಗೆ ಹೆಂಗೆ ಗೊತ್ತೇ?”

“ಓದ್ದೆ.”

ಅಮ್ಮ ಅಂಗಡಿಯವರ ಮುಖ ನೋಡಿದಳು. ನಿಮ್ಮ ಯಜಮಾನರು ಹೇಳಿದ್ದು ಮೂರೇ ಹೆಸರು ಎಂದರು ಅವರು. ಫಿಟ್ಸ್ ಬರುವ ಮಗಳ ಮಾತು ನೆಂಟರ ನಡುವೆ ಏಳುವುದು ಅಪ್ಪನಿಗೆ ಬೇಕಿರಲಿಲ್ಲ. ಅದು ನನಗೆ ಅಲ್ಲೇ ಅರ್ಥವಾಯಿತು. ಇಷ್ಟು ವರ್ಷ ಒಬ್ಬಳೇ ಕೂತು ಕಲಿತದ್ದು ಇದನ್ನು ಓದುವುದಕ್ಕಾ ಎನಿಸಿತು.

“ಇವಳ ಹೆಸ್ರೂ ಹಾಕಿ,” ಎಂದಳು ಅಮ್ಮ.

ಸಾಲು ಮುಗಿದಿದೆ, ಈಗ ಸೇರಿಸಿದರೆ ಸೊಟ್ಟ ಕಾಣುತ್ತದೆ ಎಂದು ಅವರು ತಳಕ್ಕೆ ಹಾಕಿಕೊಟ್ಟರು. ಗೃಹಪ್ರವೇಶದ ಮನೆಯಲ್ಲಿ ಡಬರಿ ಉಳಿದ ಉಡುಗೊರೆಗಳ ನಡುವೆ ಕೂತಿತು, ನನ್ನ ಹೆಸರು ನೆಲಕ್ಕೆ ಮುಖ ಮಾಡಿಕೊಂಡು. ಊಟಕ್ಕೆ ಕರೆಯುವವರೆಗೂ ನಾನು ಅದರ ಪಕ್ಕದಲ್ಲೇ ಕೂತಿದ್ದೆ. ಯಾರೂ ಮಾತಾಡಿಸಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಹೋದ ಮೇಲೆ, ಕೆಲಸಕ್ಕೆ ಹೊರಟ ಅಮ್ಮ ಬೀಗ ಹಾಕದೆ ಹೊಸ್ತಿಲಾಚೆ ನಿಂತು ನನ್ನನ್ನು ಕರೆದಳು.

“ಶಾಲೆಗೆ ಹೋಗಿ ಮೇಷ್ಟ್ರಿಗೆ ಓದಿ ತೋರ್ಸು. ಹೋಗೋವಾಗ ಬೀಗ ಹಾಕ್ಕೊಂಡು ಹೋಗು.”

ಬೀಗದ ಕೈಯನ್ನು ನನ್ನ ಅಂಗೈಗೆ ಇಟ್ಟು, ತಿರುಗಿ ನೋಡದೆ ಬಸ್ಸಿಗೆ ನಡೆದಳು. ಎಚ್ಚರವಿರುವಾಗ ಅದನ್ನು ನಾನು ಹಿಡಿದದ್ದು ಅದೇ ಮೊದಲು.