ಮಾಸ್ತರರ ಕೈಗಡಿಯಾರ

ಎರಡು ವರ್ಷದ ಹಿಂದೆ, ಬೇಸಿಗೆಯ ಒಂದು ಮಧ್ಯಾಹ್ನ ಮೂರು ಗಂಟೆಗೆ, ನಾನು ನವನಗರದ ನಮ್ಮ ಮನೆಯ ಗೇಟಿನ ಬಳಿ ನಿಂತಿದ್ದೆ. ಅಲ್ಲಿಂದ ಪಕ್ಕದ ಅಂಗಳ ಪೂರ್ತಿ ಕಾಣುತ್ತದೆ.

ಅದು ನಿವೃತ್ತ ಗಣಿತದ ಮಾಸ್ತರರ ಮನೆ. ಯಾರು ಏನು ಸುದ್ದಿ ತಂದರೂ ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸುತ್ತ, "ಕಣ್ಣಿಲೆ ಕಂಡಿಯೇನು?" ಎಂದು ಕೇಳುತ್ತಿದ್ದರು. ಪಕ್ಕದ ಊರು ಮುಗದದಲ್ಲಿ ಜೋರು ಮಳೆಯಂತೆ ಎಂದರೂ, "ಕಣ್ಣಿಲೆ ಕಂಡಿಯೋ, ಬಸ್ಸಿನ್ಯಾಗ ಕೇಳಿಯೋ?" ಎನ್ನುವರು.

ಅಂದು ಅವರ ಅಂಗಳದಲ್ಲಿ ಗಾದಿ ಹೊಲಿಯುತ್ತಿದ್ದವರು ಅವರ ಹಳೆಯ ವಿದ್ಯಾರ್ಥಿ, ಮುಸ್ಲಿಮರು. ಕಿಟಕಿಯಲ್ಲಿಟ್ಟಿದ್ದ ಕೈಗಡಿಯಾರ ಕಾಣದೆ ಮಾಸ್ತರರು ಹೊರಗೆ ಬಂದು, "ನಿನ್ನ ಚೀಲ ತೋರಸೋ," ಎಂದರು.

ಸೂಜಿ ಹಿಡಿದ ಕೈ ನಿಂತಿತು. "ತೋರಸ್ತೇನ್ರಿ ಸರ. ಆದ್ರ ನಾ ತಗೊಂಡಿದ್ದು ನೀವು ಕಣ್ಣಿಲೆ ಕಂಡೀರೇನ್ರಿ?"

ಮಾಸ್ತರರು ಕನ್ನಡಕ ತೆಗೆದರು. ಒರೆಸಲಿಲ್ಲ.

"ಇಲ್ಲಪಾ. ಸಾಬರು ಮನಿಗೆ ಬಂದ್ರ ಸಾಮಾನಿನ ಮ್ಯಾಲೆ ಕಣ್ಣಿಡು ಅಂತ ನಮ್ಮವ್ವ ಹೇಳ್ತಿದ್ದಳು. ಆಕಿನೂ ಎಂದೂ ಏನೂ ಕಂಡಿದ್ದಿಲ್ಲ."

ಆದರೂ ಗಾದಿಯವರು ತಮ್ಮ ಚೀಲ ಸುರುವಿದರು. ಸೂಜಿ, ದಾರದ ಉಂಡೆ, ಬಟ್ಟೆಯಲ್ಲಿ ಕಟ್ಟಿದ ಎರಡು ರೊಟ್ಟಿ. ಉಳಿದ ಹೊಲಿಗೆ ಮುಗಿಸಿಯೇ ಎದ್ದರು. ಗಡಿಯಾರ ಸಂಜೆ ದೇವರ ಕೋಣೆಯಲ್ಲಿ ಸಿಕ್ಕಿತು. ಮಾಸ್ತರರು ಅದನ್ನು ಮತ್ತೆ ಕೈಗೆ ಕಟ್ಟಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಇದನ್ನು ಕಂಡು ಇನ್ನೂ ಬದುಕಿರುವವರು ನಾನು, ಮತ್ತು ಬೈರಿದೇವರಕೊಪ್ಪದ ಆ ಗಾದಿಯವರು. ಅವರು ನಮ್ಮ ಓಣಿಗೆ ಈಗ ಬರುವುದಿಲ್ಲ. ಚೀಲ ಸುರುವಿದಾಗ ನಾನು ಗೇಟಿನ ಮೇಲೆ ಬಗ್ಗಿ ನೋಡಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ.