ಹೆಣ್ಣು ನೋಡಲು ಬಂದ ಬೇಸ್ ಗಿಟಾರಿನ ಹುಡುಗ

ಗೆಳತಿಯರೇ, ಇವತ್ತು ಚಾಮರಾಜಪೇಟೆಯ ನಮ್ಮ ಮನೆಗೆ ಮಗಳು ಸುಮಾಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ತಿಂಡಿ ಮುಗಿಯುತ್ತಲೇ ಹುಡುಗನ ತಾಯಿ, "ಒಂದು ದೇವರನಾಮ ಹೇಳಮ್ಮ" ಎಂದರು.

"ನಾನು ಹಾಡಲ್ಲ ಆಂಟಿ. ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸ್ತೀನಿ" ಎಂದಳು ಸುಮಾ.

ಹುಡುಗನ ತಾಯಿಯ ಮುಖ ಸಪ್ಪಗಾಯಿತು. ಸಂಬಂಧ ತಪ್ಪಿತು ಎಂದುಕೊಂಡೆ. ಹುಡುಗ ಮಾತ್ರ ಅರಳಿಬಿಟ್ಟ.

"ನಾನೂ ಬೇಸೇ ನುಡಿಸೋದು! ಇಂಗ್ಲಿಷ್ ಕ್ಯಾಸೆಟ್ ಕೇಳಿ ಕಲಿತೆ. ನೀವು?"

"ಗಣೇಶನ ಪೆಂಡಾಲಲ್ಲಿ, ಸ್ಪೀಕರ್ ಪಕ್ಕ ಕೂತು."

ಅವನು ನಕ್ಕ. "ಆರ್ಕೆಸ್ಟ್ರಾ ಗದ್ದಲದಲ್ಲಿ ಬೇಸಿನ ತಗ್ಗು ದನಿ ಯಾರಿಗ್ರೀ ಕೇಳ್ಸತ್ತೆ?"

ನನಗೆ ಮೈ ಉರಿಯಿತು. "ನಮ್ಮ ಹುಡುಗಿ ನುಡಿಸೋದನ್ನ ಇಡೀ ಪೇಟೆ ನಿಂತು ಕೇಳತ್ತಪ್ಪ. ನೀನು ಎಲ್ಲಿ ನುಡಿಸಿದೀಯ?"

"ನಮ್ಮನೆ ಟೆರೇಸಲ್ಲಿ ಆಂಟಿ" ಎಂದು ತಲೆ ತಗ್ಗಿಸಿದ. "ಸ್ಟೇಜ್ ಹತ್ತೋಕೆ ಭಯ."

ಪಾಪ ಅನ್ನಿಸಿತು. ಸುಮಾಳೂ ಮೆತ್ತಗಾದಳು. ಆಮೇಲೆ ಇಬ್ಬರೂ ತಂತಿ, ಬೆರಳು ಎಂದು ಮಾತಾಡುತ್ತ ಕೂತರು. ಕಾಫಿ ಆರಿ ಹೋಯಿತು.

ಸಂಜೆ ಫೋನ್ ಬಂತು, ಹುಡುಗ ಒಪ್ಪಿದ್ದಾನಂತೆ. ಸುಮಾಳನ್ನು ಕೇಳಿದೆ. "ಅವರದು ಐದು ತಂತಿ ಗಿಟಾರಂತಮ್ಮ, ನನ್ನದು ನಾಲ್ಕೇ. ನುಡಿಸೋದು ಕೇಳಿ ಹೇಳ್ತೀನಿ" ಎಂದಳು.

ಭಾನುವಾರ ನಾವು ಬಸವನಗುಡಿಯ ಅವರ ಮನೆಗೆ ಗಂಡು ನೋಡಲು ಹೊರಟಿದ್ದೇವೆ. ಅವನು ನಾಚಿಕೊಂಡರೂ ಪೂರ್ತಿ ಒಂದು ಹಾಡು ನುಡಿಸದೆ ನಾನು ಏಳುವವಳಲ್ಲ.